ನೆಗೆಟಿವ್ ಯಾರ ಪಾಲಿಗೆ?

ದಸರೆಗೆ ಮುಂಚೆ ಅಟ್ಟದ ಸಾಮಾನು ಇಳಿಸಿ ಮನೆ ಸ್ವಚ್ಛ ಮಾಡುವಾಗ ಎಲ್ಲಕ್ಕಿಂತ ಮೊದಲು ಕಸದ ಗುಂಪಿಗೆ ಬೀಳುವ ವಸ್ತು ಯಾವುದು, ಹೇಳಿ ನೋಡೋಣ. ಒಡೆದ ಬಕೀಟಲ್ಲ, ಅದನ್ನು ಗುಜರಿಯವನು ತೂಕಕ್ಕೆ ಒಯ್ಯುತ್ತಾನೆ. ಹರಿದ ಸೀರೆಯಲ್ಲ, ಅದು ಕೌದಿಗಾಗುತ್ತದೆ. ಹಳೆಯ ಪಂಚಾಂಗವನ್ನು ಎಸೆಯಲು ಕೂಡ ನಮಗೆ ಕೈ ಬರುವುದಿಲ್ಲ, ಏನೋ ದೇವರ ಹೆಸರಿದೆಯೆಂದು ಮತ್ತೆ ಮೇಲಿಡುತ್ತೇವೆ. ಆದರೆ ಸ್ಟುಡಿಯೋದ ಹಳದಿ ಲಕೋಟೆಯಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿರುವ ನೆಗೆಟಿವ್ ಪಟ್ಟಿಗಳನ್ನು ಮಾತ್ರ ಹಿಂದುಮುಂದು ನೋಡದೆ ಒಗೆಯುತ್ತೇವೆ. "ಫೋಟೋ ಅದಾವಲ್ಲ, ಇದನ್ಯಾಕ ಇಟ್ಕೊಂಡು ಕೂಡೋದು?" ಎಂದು ಯಾರೋ ಒಬ್ಬರು ಅಂದರೆ ಸಾಕು, ಎದುರು ಮಾತೇ ಇಲ್ಲ.

ಈ ಮಾತಿನ ಮೇಲೆ ಜಗಳ ತೆಗೆಯಬೇಕೆಂದೇ ನಾನು ಬರೆಯಲು ಕುಳಿತಿದ್ದೇನೆ. ಫೋಟೋ ಇದೆ, ಆದ್ದರಿಂದ ನೆಗೆಟಿವ್ ಬೇಡ ಎನ್ನುವುದು ಉಪ್ಪಿನಕಾಯಿ ಭರಣಿ ತುಂಬಿದೆ, ಇನ್ನು ಮಾವಿನ ಗಿಡ ಕಡಿಯಿರಿ ಎಂದಂತೆ. ಫೋಟೋ ಎನ್ನುವುದು ನಕಲು. ಅಂದು ಕ್ಯಾಮೆರಾದ ಒಳಗೆ ಕತ್ತಲಲ್ಲಿ ಕೂತು, ನಿಮ್ಮವರ ಮೈಮೇಲಿನಿಂದ ಬಂದ ಬೆಳಕನ್ನು ಮೈಗೆ ಹಚ್ಚಿಕೊಂಡದ್ದು ಆ ಪಟ್ಟಿ. ಕಾಗದದ ಮೇಲೆ ಬಂದದ್ದು ಆಮೇಲಿನ ಮಾತು. ಅದರಲ್ಲಿ ಎಷ್ಟು ಬರಬೇಕು, ಎಷ್ಟು ಬರಬಾರದು ಎಂದು ಬೇರೆ ಯಾರೋ ತೀರ್ಮಾನಿಸಿದ್ದರು.

ನೆಗೆಟಿವ್‌ಗೆ ನಮ್ಮ ಕಡೆ ಮರ್ಯಾದೆ ಸಿಕ್ಕದ್ದು ಒಂದೇ ದಿನ. 1980ರ ಫೆಬ್ರುವರಿ 16ರಂದು ಖಗ್ರಾಸ ಸೂರ್ಯಗ್ರಹಣವಿತ್ತಲ್ಲ, ಅಂಕೋಲಾ, ಹುಬ್ಬಳ್ಳಿ, ರಾಯಚೂರು ಎಲ್ಲ ಆ ನೆರಳಿನ ಹಾದಿಯಲ್ಲಿದ್ದವು. ಹಿರಿಯರು ಬಾಗಿಲು ಹಾಕಿಕೊಂಡು ಜಪಕ್ಕೆ ಕೂತರೆ ಓಣಿಯ ಹುಡುಗರು ನೆಗೆಟಿವ್ ಹುಡುಕಿ, ಎರಡು ಮಡಿಕೆ ಮಾಡಿ ಕಣ್ಣಿಗೆ ಹಿಡಿದುಕೊಂಡರು. (ಮೊಮ್ಮಕ್ಕಳಿಗೆ ಇದನ್ನು ಕಲಿಸಬೇಡಿ. ನೆಗೆಟಿವ್ ಕಣ್ಣಿಗೆ ಕತ್ತಲಾಗಿ ಕಂಡರೂ ಕಾಣದ ಶಾಖದ ಕಿರಣಗಳನ್ನು ಬಿಟ್ಟುಕೊಡಬಹುದು. ಬಣ್ಣದ್ದಂತೂ ತಡೆಯುವುದೇ ಇಲ್ಲ.) ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡಿದಂತೆ ಪಟ್ಟಿಗಳನ್ನೂ ಎಲ್ಲರೂ ಮರೆತರು. ಸೂರ್ಯನನ್ನು ನೋಡಲು ಅದನ್ನು ಕಣ್ಣಿಗೆ ಹಿಡಿದವರು ಅದರೊಳಗೆ ಯಾರಿದ್ದಾರೆಂದು ನೋಡಲಿಲ್ಲ.

ನೋಡುವುದೂ ಸುಲಭವಲ್ಲ ಅನ್ನಿ. ಮುಖ ಕಪ್ಪು, ಕೂದಲು ಬಿಳಿ, ಹಣೆಯ ಕುಂಕುಮ ವಿಭೂತಿಯಂತೆ ಬೆಳ್ಳಗೆ. ನಮ್ಮವ್ವ ಅದನ್ನು ಕೈಯಲ್ಲಿ ಹಿಡಿಯುತ್ತಲೇ ಇರಲಿಲ್ಲ, "ದೆವ್ವಿನಂಗ ಕಾಣ್ತೇವಿ" ಎನ್ನುತ್ತಿದ್ದಳು. ಹಾಗಾಗಿ ಆ ಪಟ್ಟಿಗಳು ಗಂಡಸರ ಕಪಾಟಿಗೆ ಸೇರಿದವು, ಅಲ್ಲಿಂದ ಅಟ್ಟಕ್ಕೆ, ಅಟ್ಟದಿಂದ ಬಂಬಿನ ಒಲೆಗೆ.

ಜಾರ್ಜ್ ಈಸ್ಟ್‌ಮನ್ ಎಂಬ ಅಮೆರಿಕದವನು 1888ರಲ್ಲಿ ಕೊಡಕ್ ಕ್ಯಾಮೆರಾವನ್ನು ಮಾರಾಟಕ್ಕಿಟ್ಟಾಗ ಅದರ ಜಾಹೀರಾತಿನ ಮಾತು, ನೀವು ಗುಂಡಿ ಒತ್ತಿ, ಉಳಿದದ್ದನ್ನು ನಾವು ಮಾಡುತ್ತೇವೆ ಎಂದು. ಒಳಗೆ 100 ಚಿತ್ರಕ್ಕಾಗುವ ಸುರುಳಿ. ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಬೇಕು, ಅವರು ತೊಳೆದು ಅಚ್ಚು ಹಾಕಿ, ಹೊಸ ಸುರುಳಿ ತುಂಬಿ ಹಿಂದಿರುಗಿಸುವರು. 1890ರ ದಶಕದಿಂದ ಅವರ ಜಾಹೀರಾತುಗಳಲ್ಲಿ ಕ್ಯಾಮೆರಾ ಹಿಡಿದು ನಿಂತವಳು ಹೆಣ್ಣುಮಗಳು. ಎಷ್ಟು ಸುಲಭ ಅಂದರೆ ಹೆಂಗಸೂ ಮಾಡಬಹುದು ಎಂದು ಅದರ ಒಳ ಅರ್ಥ. ಅವರು ಗುಂಡಿಯನ್ನಾದರೂ ಕೊಟ್ಟರು. ನಮ್ಮ ಮನೆಗಳಲ್ಲಿ ಗುಂಡಿಯೂ ಅಪ್ಪನದು, ಉಳಿದದ್ದು ಸ್ಟುಡಿಯೋದವರದು. ನಮಗೆ ಬಂದದ್ದು "ಸೆರಗು ಸರಿ ಮಾಡ್ಕೋ, ಅಲುಗಾಡಬ್ಯಾಡ" ಎನ್ನುವ ಅಪ್ಪಣೆ ಮಾತ್ರ. ಆ 'ಉಳಿದದ್ದು' ಎನ್ನುವ ಮಾತಿನಲ್ಲೇ ಎಲ್ಲ ಅಡಗಿದೆ. ಯಾವುದನ್ನು ಅಚ್ಚು ಹಾಕಬೇಕು, ಯಾರನ್ನು ಅಂಚಿನಲ್ಲಿ ಕತ್ತರಿಸಬೇಕು, ಯಾವುದು 'ಕೆಟ್ಟ ಫೋಟೋ' ಎನ್ನುವುದೆಲ್ಲ ತೀರ್ಮಾನವಾಗುವುದು ಗುಂಡಿ ಒತ್ತಿದ ಮೇಲೆ.

ನನ್ನ ತವರು ಹುಬ್ಬಳ್ಳಿ. ಅಪ್ಪ ಸಾಲೀ ಮಾಸ್ತರರು. ಅವರ ಹತ್ತಿರ ಒಂದು ಆಗ್ಫಾ ಕ್ಲಿಕ್-3 ಇತ್ತು, ನಮ್ಮ ದೇಶದಲ್ಲೇ ತಯಾರಾಗುತ್ತಿದ್ದ ಕಪ್ಪು ಡಬ್ಬಿ. 120ರ ಸುರುಳಿ ಹಾಕಿದರೆ ಆರು ಸೆಂಟಿಮೀಟರಿನ ಚೌಕ ಚಿತ್ರಗಳು ಹನ್ನೆರಡು. ಯುಗಾದಿಗೆ ಹಾಕಿದ ಸುರುಳಿ ಮುಗಿಯಲು ದೀಪಾವಳಿ ಬರಬೇಕು. ಆಮೇಲೆ ಅದನ್ನು 'ತೊಳೆಸಿಕೊಂಡು' ಬಂದು, ಕಿಟಕಿಗೆ ಹಿಡಿದು ನೋಡಿ, ಲಕೋಟೆಯ ಮೇಲೆ ಪೆನ್ಸಿಲಿನಿಂದ 4, 7, 9 ಎಂದು ಬರೆಯುವರು. ಆ ಮೂರನ್ನೇ ಕಾಗದದ ಮೇಲೆ ಹಾಕಿಸುವುದು, ಮಾಸ್ತರಕಿಯ ಪಗಾರದಲ್ಲಿ ಹನ್ನೆರಡನ್ನೂ ಹಾಕಿಸಲು ಆಗುತ್ತಿರಲಿಲ್ಲ. ಇದರಲ್ಲಿ ಅಪ್ಪನ ತಪ್ಪೇನೂ ಇಲ್ಲ. ಆದರೆ ಉಳಿದ ಒಂಬತ್ತನ್ನು ಅವರ ಹೊರತು ಯಾರೂ ನೋಡಲಿಲ್ಲ, ಅವರೂ ತಿರುಗುಮುರುಗಾದ ಬಣ್ಣದಲ್ಲಿ ಅರೆಗಳಿಗೆ ನೋಡಿದ್ದು.

ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಮನೆ ಪಾಲಾಯಿತು. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಇದೆಯಲ್ಲ, ನನ್ನ ಪಾಲು ನನಗೆ ಬಂತು, ಅದರ ಬಗ್ಗೆ ತಕರಾರಿಲ್ಲ. ಆದರೆ ಫೋಟೋದ ಆಲ್ಬಮ್ ಯಾವ ಕಾನೂನಿಗೂ ಸಿಗದ ಆಸ್ತಿ. "ಮನೆತನದ್ದು, ಹಿರೀಮಗನ ಕಡೆ ಇರ್ಲಿ" ಎಂದು ಹಿರಿಯರೊಬ್ಬರು ಹೇಳಿದರು, ಅಣ್ಣ ಒಯ್ದ. ಕಡೆಗೆ ಕಪಾಟಿನ ತಳದಲ್ಲಿ ಬಿಸ್ಕೀಟಿನ ತಗಡಿನ ಡಬ್ಬಿಯೊಂದು ಉಳಿಯಿತು. "ಇದನ್ನ ಬಂಬಿಗೆ ಹಾಕೂಣೇನು?" ಎಂದು ಯಾರೋ ಕೇಳಿದರು. ಅಣ್ಣ ನನ್ನ ಕಡೆ ನೋಡಿ, "ಬೇಕಾರ ನೀ ತಗೊಂಡ್ ಹೋಗವಾ" ಅಂದ. ಡಬ್ಬಿಯಲ್ಲಿ 18 ಸುರುಳಿಗಳಿದ್ದವು, 216 ಚಿತ್ರ. ಅಣ್ಣನ ಆಲ್ಬಮ್ಮಿನಲ್ಲಿ ಇರುವುದು 61.

ಉಳಿದ 155ರಲ್ಲಿ ಏನಿದೆ ಅನ್ನುವಿರಾ? ಹತ್ತು ಹನ್ನೆರಡು ನಿಜಕ್ಕೂ ಕೆಟ್ಟವು, ಬೆರಳು ಅಡ್ಡ ಬಂದದ್ದು, ಬೆಳಕು ನುಗ್ಗಿದ್ದು. ಮಿಕ್ಕವುಗಳಲ್ಲಿ ಹೆಚ್ಚಾಗಿ ಇರುವವರು ಹೆಂಗಸರು. ಅವ್ವ ಗೋಡೆಗೆ ಒರಗಿ, ಕಾಲು ಚಾಚಿ ಕೂತು ಪೇಪರ್ ಓದುತ್ತಿದ್ದಾಳೆ. ಅವ್ವ ಪೇಪರ್ ಓದುತ್ತಿದ್ದಳೆಂಬುದೇ ನನಗೆ ನೆನಪಿರಲಿಲ್ಲ. ನೆನಪಿರುವುದು ಸಂಕ್ರಾಂತಿಯ ದಿನ ಇಳಕಲ್ಲ ಸೀರೆಯಲ್ಲಿ ಕಂಬದಂತೆ ನಿಂತ ಅವ್ವ, ಏಕೆಂದರೆ ಆಲ್ಬಮ್ಮಿನಲ್ಲಿ ಇರುವುದು ಅದು. ಕಾಕು ಮಗುವಿಗೆ ಹಾಲೂಡಿಸುತ್ತ ಕ್ಯಾಮೆರಾ ಕಡೆ ಸಿಟ್ಟಿನಿಂದ ನೋಡುತ್ತಿದ್ದಾಳೆ. ನೀರಿನ ಕೊಡ ಹೊತ್ತ ಪಕ್ಕದ ಮನೆಯ ಹುಡುಗಿ, ಕೊಡ ತುಳುಕಿ ಮುಖದ ಮೇಲೆಲ್ಲ ನೀರು.

ಇನ್ನು ನನ್ನ ಜಗಳದ ಮುಖ್ಯ ಮಾತಿಗೆ ಬರುತ್ತೇನೆ. 1974ರ ಮೇ ತಿಂಗಳಲ್ಲಿ ನಮ್ಮ ಕಾಕಾನ ಮದುವೆ. ಅಂಗಳದಲ್ಲಿ ಮದುಮಕ್ಕಳು ನಿಂತ ಫೋಟೋ ನಮ್ಮ ಪಡಸಾಲೆಯಲ್ಲಿ ಕಟ್ಟು ಹಾಕಿ ತೂಗಿತ್ತು. ಅದರ ಎಡ ಅಂಚಿನಲ್ಲಿ ಒಂದು ಕೈ ಇತ್ತು. ಮೊಣಕೈವರೆಗೆ ಮಾತ್ರ, ತಂಬಿಗೆ ಹಿಡಿದ ಕೈ, ಬಳೆಯಿಲ್ಲದ್ದು. ಅಡುಗೆಯವರದಿರಬೇಕು ಎಂದು ನಾವು ಮಕ್ಕಳು ಅಂದುಕೊಂಡಿದ್ದೆವು. ನೆಗೆಟಿವ್ ಚೌಕ, ಕಾಗದ ಉದ್ದ. ಚೌಕವನ್ನು ಉದ್ದದ ಕಾಗದದ ಮೇಲೆ ಹಾಕುವಾಗ ಎರಡೂ ಬದಿ ಕತ್ತರಿಸಿ ಹೋಗುತ್ತದೆ, ಇದು ಲೆಕ್ಕ. ಈಚೆಗೆ ನಾನು ಆ ಚೌಕವನ್ನು ಪೂರ್ತಿ ಬಿಡಿಸಿ ನೋಡಿದರೆ ಆ ಕೈಯ ಹಿಂದೆ ನಮ್ಮ ದೊಡ್ಡತ್ತಿ ನಿಂತಿದ್ದಾಳೆ. ಅಪ್ಪನ ಅಕ್ಕ. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ತಾಯಿ ಸತ್ತ ಮೇಲೆ ಈ ಕಾಕಾನನ್ನು ಎತ್ತಿ ಆಡಿಸಿ ಬೆಳೆಸಿದವಳು. ಮದುಮಗನನ್ನು ನೋಡುತ್ತ ಹಲ್ಲು ಕಾಣುವಂತೆ ನಗುತ್ತಿದ್ದಾಳೆ. ಮದುವೆಯ ಶುಭಚಿತ್ರದಲ್ಲಿ ಅವಳು ಇರಬಾರದೆಂದು ಮನೆಯವರು ಹೇಳಿ ಕತ್ತರಿಸಿದರೋ, ಸ್ಟುಡಿಯೋದವರು ಕಾಗದದ ಅಳತೆಗೆ ಕತ್ತರಿಸಿದರೋ, ಈಗ ಕೇಳಲು ಯಾರೂ ಉಳಿದಿಲ್ಲ. ಕಾಗದದ ಅಳತೆಯೇ ಅಂದುಕೊಳ್ಳೋಣ. ಆದರೂ ನನಗೆ ಒಂದು ಸಂಶಯ ಹೋಗುವುದಿಲ್ಲ: ಅಂಚಿಗೆ ನಿಂತವಳು ಮದುಮಗಳ ಅಣ್ಣನಾಗಿದ್ದರೆ ಅಳತೆ ಆ ಕಡೆಗೆ ಒಂದು ಇಂಚು ಸರಿಯುತ್ತಿರಲಿಲ್ಲವೆ?

1989ರಲ್ಲಿ ದೊಡ್ಡತ್ತಿ ಹೋದಾಗ ಮಾಲೆ ಹಾಕಲು ಮನೆಯಲ್ಲಿ ಅವಳದೊಂದು ಫೋಟೋ ಇರಲಿಲ್ಲ. ಎಲ್ಲರೂ ಹುಡುಕಿದರು, ಆಲ್ಬಮ್ ಎರಡು ಸಲ ತಿರುವಿದರು. ಕಡೆಗೆ ದೇವರ ಪಟದ ಮುಂದೆ ದೀಪ ಇಟ್ಟು ಕಾರ್ಯ ಮುಗಿಸಿದರು. ಆ ಹೊತ್ತಿಗೆ ಕಪಾಟಿನ ತಳದ ಡಬ್ಬಿಯಲ್ಲಿ ಅವಳು ಐದು ಕಡೆ ಇದ್ದಳು.

ಅದಕ್ಕೇ ಹೇಳುವುದು, ನೆಗೆಟಿವ್‌ಗಳನ್ನು ಎಸೆಯಬೇಡಿ ಎನ್ನುವುದು ಅರ್ಧ ಮಾತು. ಅವನ್ನು ಬೇರೆಯವರ ಕೈಗೆ ಕೊಡಬೇಡಿ, ಮನೆಯಲ್ಲೇ, ನೀವೇ ಕೂತು ಬಿಡಿಸಿ ಎನ್ನುವುದು ಉಳಿದರ್ಧ. ಮೊದಲು ನಾನೂ ಎರಡು ಪಟ್ಟಿ ಹಿಡಿದು ಊರಿನ ಒಂದು ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಒಂದು ಚಿತ್ರಕ್ಕೆ 20 ರೂಪಾಯಿ ಹೇಳಿದ. ನಾಲ್ಕು ದಿನ ಬಿಟ್ಟು ಹೋದರೆ ಎಂಟರಲ್ಲಿ ಐದು ಚಿತ್ರ ಕೊಟ್ಟ. "ಉಳಿದ್ವು ಬಂದಿಲ್ರಿ ಅಕ್ಕಾರ, ಡಲ್ ಅದಾವ." ಪಟ್ಟಿಯ ಮೇಲೆ ಒಂದು ಉದ್ದ ಗೀರು ಬೇರೆ. ಡಲ್ ಇದ್ದ ಮೂರರಲ್ಲಿ ಒಂದು, ಅವ್ವ ಪೇಪರ್ ಓದುವುದು. ನೋಡಿ, ಅರ್ಧ ಶತಮಾನದ ಹಿಂದೆ ಅಪ್ಪನ ಪೆನ್ಸಿಲ್ ಬೇಡವೆಂದು ಬಿಟ್ಟದ್ದನ್ನೇ ಈಗ ಈ ಹುಡುಗನೂ ಬೇಡವೆಂದು ಬಿಟ್ಟ. ಅವನಿಗೆ ಅದು ಯಾರೋ ಮುದುಕಿ. ಅವನ ಮೇಲೆ ನನಗೆ ಕೋಪವಿಲ್ಲ. ಆರಿಸುವ ಕೆಲಸವನ್ನು ಅವನಿಗೆ ಕೊಡುವುದೇಕೆ ಎನ್ನುವುದಷ್ಟೇ ಪ್ರಶ್ನೆ.

ಎರಡನೆಯ ವರ್ಗದವರು ತಿಳಿದವರು. ಮನೆಯ ಅಳಿಯ, ಇಂಜಿನಿಯರ್ ಭಾವಮೈದುನ ಇಂಥವರು. "ಅದಕ್ಕ ಬ್ಯಾರೆ ಸ್ಕ್ಯಾನರ್ ಬೇಕ್ರಿ ವೈನಿ, ಸಾವಿರಾರು ರೂಪಾಯಿ ಆಗ್ತದ. ನಾ ಯಾವಾಗರೆ ನೋಡಿ ಮಾಡಿಸಿ ಕೊಡ್ತೀನಿ." ಆ 'ಯಾವಾಗರೆ' ಬರುವುದರೊಳಗೆ ಪಟ್ಟಿ ಬೂಸಲು ಹಿಡಿದಿರುತ್ತದೆ. ಅವರು ಹೇಳುವುದರಲ್ಲಿ ಒಂದು ನಿಜವಿದೆ. ಆಫೀಸಿನಲ್ಲಿ ಕಾಗದಪತ್ರ ಇಟ್ಟು ತೆಗೆಯುವ ಸಾದಾ ಸ್ಕ್ಯಾನರ್ ಮೇಲೆ ನೆಗೆಟಿವ್ ಇಟ್ಟರೆ ಕಪ್ಪು ಪಟ್ಟಿ ಬಿಟ್ಟು ಏನೂ ಬರುವುದಿಲ್ಲ. ಆ ಯಂತ್ರ ಬೆಳಕನ್ನು ಕಾಗದದ ಮೇಲೆ ಚೆಲ್ಲಿ ಹಿಂದಿರುಗಿದ್ದನ್ನು ಹಿಡಿಯುತ್ತದೆ. ನೆಗೆಟಿವ್‌ಗೆ ಬೆಳಕು ಹಿಂದಿನಿಂದ ಹಾಯ್ದು ಬರಬೇಕು. ಅಷ್ಟೇ ಗುಟ್ಟು. ಹಿಂದೆ ಒಂದು ಹದವಾದ ಬೆಳಕು, ಮುಂದೆ ಒಂದು ಕಣ್ಣು. ಎರಡೂ ಇಂದು ನಮ್ಮ ಮನೆಗಳಲ್ಲಿವೆ.

ಬೆಳಕಿಗೆ ನಾನು ತಂದದ್ದು ಮಕ್ಕಳು ಚಿತ್ರ ತಿದ್ದಲು ಬಳಸುವ ಎಲ್‌ಇಡಿ ಹಲಗೆ. ಸ್ಲೇಟಿನಷ್ಟು ತೆಳು, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಪೂರ್ತಿ ಬೆಳಕಿಗಿಟ್ಟುಕೊಳ್ಳಿ, ಮಂದ ಮಾಡಿದರೆ ಕೆಲವು ಹಲಗೆಗಳಲ್ಲಿ ಚಿತ್ರದ ಮೇಲೆ ಅಡ್ಡಗೆರೆ ಮೂಡುತ್ತವೆ. ಕಣ್ಣು ಎಂದರೆ ನಿಮ್ಮ ಮೊಬೈಲು. ಮೊಬೈಲು ಅಲ್ಲಾಡದೆ ನಿಲ್ಲಲು ಚಪ್ಪಲಿಯ ರಟ್ಟಿನ ಡಬ್ಬಿ ಸಾಕು. ಬೋರಲು ಹಾಕಿ, ಮೇಲೆ ಲೆನ್ಸಿನಷ್ಟು ತೂತು ಕೊರೆಯಿರಿ. ಒಳಗೋಡೆಗೆಲ್ಲ ಕಪ್ಪು ಕಾಗದ ಅಂಟಿಸಿ. ಪಟ್ಟಿ ತೂರಿಸಲು ಕೆಳಗೆ ಎರಡು ಬದಿಯಲ್ಲಿ ಸೀಳು ಬಿಡಿ. ಹಲಗೆಯ ಮೇಲೆ ಕಪ್ಪು ರಟ್ಟಿನಲ್ಲಿ ಚಿತ್ರದಷ್ಟೇ ಕಿಂಡಿ ಕತ್ತರಿಸಿ ಹಾಸಬೇಕು. ಸುತ್ತಲಿನ ಬೆಳಕು ನುಗ್ಗಿದರೆ ಮುಖಗಳು ಮಂಜಾಗುತ್ತವೆ. ಸಾಮಾನ್ಯ 35 ಮಿಲಿಮೀಟರಿನ ಪಟ್ಟಿಗೆ ಕಿಂಡಿ 24ಕ್ಕೆ 36 ಮಿಲಿಮೀಟರ್. ಫೋಟೋ ಕಟ್ಟಿನ ಗಾಜನ್ನು ಮೇಲೆ ಹೇರಿ ಪಟ್ಟಿಯನ್ನು ಮಟ್ಟ ಮಾಡುತ್ತೇನೆ ಎನ್ನಬೇಡಿ, ಗಾಜು ಮುಟ್ಟಿದಲ್ಲಿ ಕಾಮನಬಿಲ್ಲಿನ ಬಳೆಗಳಂಥ ಸುತ್ತುಗಳು ಬರುತ್ತವೆ. ಸುರುಳಿ ಸುತ್ತಿದ ಪಟ್ಟಿಯನ್ನು ಬೆಣ್ಣೆಕಾಗದದ ನಡುವೆ ಇಟ್ಟು ದಪ್ಪ ನಿಘಂಟಿನಡಿ ಒಂದು ವಾರ ಬಿಟ್ಟರೆ ತಾನೇ ಬಗ್ಗುತ್ತದೆ.

ಮೊಬೈಲು ಪಟ್ಟಿಗೆ ಸಮವಾಗಿದೆಯೋ ವಾರೆಯಾಗಿದೆಯೋ ತಿಳಿಯಲು ಕುಂಕುಮದ ಭರಣಿಯ ಮುಚ್ಚಳದ ಕನ್ನಡಿ ಸಾಕು. ಅದನ್ನು ಕಿಂಡಿಯ ಮೇಲಿಟ್ಟು ಮೊಬೈಲಿನಲ್ಲಿ ನೋಡಿ. ಲೆನ್ಸು ತನ್ನ ಪ್ರತಿಬಿಂಬವನ್ನು ತೆರೆಯ ಸರಿಯಾದ ಮಧ್ಯದಲ್ಲಿ ಕಂಡರೆ ಸಮ, ಇಲ್ಲವಾದರೆ ಡಬ್ಬಿಯಡಿ ಒಂದು ಕಾಗದದ ಮಡಿಕೆ ಕೊಡಿ. ಫ್ಲಾಶ್ ಆರಿಸಿ, ಕೋಣೆಯ ದೀಪ ಆರಿಸಿ, ಫ್ಯಾನ್ ನಿಲ್ಲಿಸಿ. ಬೆರಳು ತಾಗಿದರೂ ಅಲುಗುತ್ತದೆ, ಆದ್ದರಿಂದ ಎರಡು ಸೆಕೆಂಡು ಬಿಟ್ಟು ತೆಗೆಯುವ ಟೈಮರ್ ಹಚ್ಚಿ. ಧೂಳನ್ನು ರಬ್ಬರಿನ ಗಾಳಿಬುರುಡೆಯಿಂದ ಊದಬೇಕು. ಬಾಯಿಂದ ಊದಿದರೆ ಉಗುಳು ಬೀಳುತ್ತದೆ, ಸೆರಗಿನಿಂದ ಒರೆಸಿದರೆ ಗೀರು. ನಮಗೆ ಎಲ್ಲವನ್ನೂ ಸೆರಗಿನಿಂದ ಒರೆಸುವ ಚಾಳಿ, ಅದೊಂದನ್ನು ಇಲ್ಲಿ ಬಿಡಬೇಕು.

ಪಟ್ಟಿಯ ಒಂದು ಮಗ್ಗುಲು ಹೊಳೆಯುತ್ತದೆ, ಇನ್ನೊಂದು ಮಂಕು. ಹೊಳೆಯುವ ಮಗ್ಗುಲು ಮೇಲೆ, ಅಂಚಿನ ಅಕ್ಷರ ಅಂಕಿಗಳು ಸರಿಯಾಗಿ ಓದಲು ಬರುವಂತೆ ಇಡಿ. ತಪ್ಪಿದರೆ ಎಡ ಬಲ ಅದಲುಬದಲು. ಸೆರಗು ನೋಡಿ ಗುರುತು ಹಿಡಿಯೋಣವೆಂದರೆ ಎಡ ಸೆರಗಿನವರೂ ಬಲ ಸೆರಗಿನವರೂ ಇದ್ದಾರೆ, ಕೊಡಗಿನವರದಂತೂ ಬಲಭುಜಕ್ಕೇ. ಊಟದ ಪಂಕ್ತಿಯ ಚಿತ್ರವಿದ್ದರೆ ಸುಲಭ: ಹಿರಿಯರೆಲ್ಲ ಎಡಗೈಯಲ್ಲಿ ಉಣ್ಣುತ್ತಿದ್ದರೆ ಪಟ್ಟಿ ತಿರುವಿ ಹಾಕಿ. ಆ ಅಂಚಿನಲ್ಲೇ ಕೆಲವು ಸಲ ಫಿಲ್ಮಿನ ಹೆಸರೂ ಸಿಗುತ್ತದೆ. ನಮ್ಮ ಡಬ್ಬಿಯಲ್ಲಿ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಕೂಡ ಇತ್ತು. 1960ರಲ್ಲಿ ಹುಟ್ಟಿದ ಆ ಸರಕಾರಿ ಕಾರ್ಖಾನೆ ಈಗ ಮುಚ್ಚಿಹೋಗಿದೆ.

ಕಪ್ಪುಬಿಳುಪಿನದನ್ನು ತಿರುಗಿಸುವುದು ಹೂ ಎತ್ತಿದಂತೆ. ಫೋಟೋ ತಿದ್ದುವ ಪುಕ್ಕಟೆ ಆಪ್‌ಗಳಲ್ಲಿ 'ಕರ್ವ್ಸ್' ಎಂದಿರುತ್ತದೆ, ಓರೆಗೆರೆಯೊಂದು. ಅದರ ಕೆಳತುದಿಯನ್ನು ಮೇಲಕ್ಕೆ, ಮೇಲ್ತುದಿಯನ್ನು ಕೆಳಕ್ಕೆ ಎಳೆದರೆ ಕತ್ತಲೆ ಬೆಳಕಾಗುತ್ತದೆ. ಮೊದಲ ಸಲ ಹಾಗೆ ಎಳೆದಾಗ ಮುಖವೊಂದು ತೆರೆಯ ಮೇಲೆ ಏಳುವುದನ್ನು ನೀವೇ ನೋಡಬೇಕು, ನಾನು ಹೇಳಿದರೆ ಆಗದು. ಬಣ್ಣದ ನೆಗೆಟಿವ್ ಸ್ವಲ್ಪ ಹಟಮಾರಿ. ಅದಕ್ಕೆ ಹುಟ್ಟಿನಿಂದಲೇ ಕಿತ್ತಳೆ ಬಣ್ಣದ ಹಾಸು ಇರುತ್ತದೆ, ಸೀದಾ ತಿರುಗಿಸಿದರೆ ಮನೆಮಂದಿಯೆಲ್ಲ ನೀಲಮೇಘಶ್ಯಾಮರೇ. ಕೆಂಪು, ಹಸಿರು, ನೀಲಿ ಮೂರು ಗೆರೆಗಳನ್ನು ಬೇರೆ ಬೇರೆಯಾಗಿ ಎಳೆದು ಹದಕ್ಕೆ ತರಬೇಕು. ಕಂಪ್ಯೂಟರ್ ಇದ್ದವರಿಗೆ ಗಿಂಪ್ ಎಂಬ ಪುಕ್ಕಟೆ ತಂತ್ರಾಂಶವಿದೆ. ಹೋಳಿಗೆಯ ಹೂರಣದ ಪಾಕ ನೋಡಿ ಹೇಳುವವರಿಗೆ ಇದೇನು ದೊಡ್ಡ ವಿದ್ಯೆಯಲ್ಲ.

ಇದರಿಂದ ಬಂದ ಚಿತ್ರ ಚೆನ್ನಾಗಿರುತ್ತದೆಯೆ ಎಂದು ಅಳಿಯಂದಿರು ಕೇಳುತ್ತಾರೆ. ಅವರದೇ ಭಾಷೆಯಲ್ಲಿ ಲೆಕ್ಕ ಕೊಡೋಣ. 24ಕ್ಕೆ 36 ಮಿಲಿಮೀಟರಿನ ನೆಗೆಟಿವನ್ನು ಇಂಚಿಗೆ 2400 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ ಬರುವುದು ಸುಮಾರು 77 ಲಕ್ಷ ಚುಕ್ಕಿ. 8ಕ್ಕೆ 10 ಇಂಚಿನ ಒಳ್ಳೆಯ ಮುದ್ರಣಕ್ಕೆ ಬೇಕಾದದ್ದು 72 ಲಕ್ಷ. ಇಂದಿನ ಸಾದಾ ಮೊಬೈಲು 120 ಲಕ್ಷ ಚುಕ್ಕಿ ಹಿಡಿಯುತ್ತದೆ. ಸುತ್ತಲಿನದು ಕತ್ತರಿಸಿದರೂ ಗೋಡೆಗೆ ಹಾಕುವಷ್ಟು ಉಳಿಯುತ್ತದೆ. ದೊಡ್ಡ ಪ್ರದರ್ಶನಕ್ಕೆ ಒಳ್ಳೆಯ ಸ್ಕ್ಯಾನರೇ ಬೇಕು, ಒಪ್ಪುತ್ತೇನೆ. ಆದರೆ ದೊಡ್ಡತ್ತಿಯನ್ನು ಪ್ರದರ್ಶನಕ್ಕೆ ಇಡಬೇಕಾಗಿರಲಿಲ್ಲ. ಒಮ್ಮೆ ನೋಡಬೇಕಾಗಿತ್ತು.

ಮನೆಯಲ್ಲಿ ಮಾಡಬಾರದವೂ ಇವೆ. ಒಂದಕ್ಕೊಂದು ಅಂಟಿಕೊಂಡ ಪಟ್ಟಿಗಳನ್ನು ಕೀಳಬೇಡಿ. ಗಾಜಿನ ಹಲಗೆಯ ನೆಗೆಟಿವ್‌ಗಳನ್ನೂ, ಸ್ವಾತಂತ್ರ್ಯಕ್ಕೂ ಹಿಂದಿನ ಫಿಲ್ಮುಗಳನ್ನೂ ತಿಳಿದವರಿಗೆ ತೋರಿಸಿ. ಹಳೆಯ ನೈಟ್ರೇಟ್ ಫಿಲ್ಮು ಬಲುಬೇಗ ಹೊತ್ತಿಕೊಳ್ಳುತ್ತದೆ. ಆಮೇಲಿನ ಅಸಿಟೇಟ್ ಫಿಲ್ಮು ಹಾಗೆ ಭುಗ್ಗೆನ್ನದು, ಆದರೆ ಸೆಕೆಗೂ ತೇವಕ್ಕೂ ಒಳಗೊಳಗೇ ಕೊಳೆಯುತ್ತದೆ. ಡಬ್ಬಿ ತೆರೆದಾಗ ವಿನೆಗರಿನ ಹುಳಿ ವಾಸನೆ ಬಂದರೆ ಅದು ಶುರುವಾಗಿದೆಯೆಂದು ಅರ್ಥ. ಒಂದರಿಂದ ಬಿಟ್ಟ ಆಮ್ಲ ಪಕ್ಕದ್ದನ್ನೂ ಕೆಡಿಸುತ್ತದೆ. ಅಂಥದನ್ನು ಬೇರೆ ಇಟ್ಟು, ಎಲ್ಲಕ್ಕಿಂತ ಮೊದಲು ಅದರ ಚಿತ್ರ ತೆಗೆದುಕೊಳ್ಳಿ. ಪಟ್ಟಿಯ ಮೇಲಿನ ಪದರ ಜಿಲೆಟಿನ್, ಅಂದರೆ ದನದ ಎಲುಬು ಚರ್ಮಗಳ ಅಂಟು. ಮಡಿಯ ಮನೆಗಳಲ್ಲೂ ಅಟ್ಟದ ಮೇಲೆ ಅದು ಇತ್ತೆನ್ನುವುದು ಬೇರೆ ಮಾತು. ಬೂಸಲಿಗೆ ಅದು ಮೃಷ್ಟಾನ್ನ. ಆದ್ದರಿಂದ ಕಾರವಾರ, ಉಡುಪಿ ಕಡೆಯವರು, ಮಲೆನಾಡಿನವರು ಇನ್ನೊಂದು ಮಳೆಗಾಲ ಕಾಯಬೇಡಿ.

ಬಿಡಿಸಿ ಆದ ಮೇಲೆ ಮತ್ತೆ ಅದೇ ಹಳೆಯ ಮಾತು ಬೇರೆ ವೇಷದಲ್ಲಿ ಬರುತ್ತದೆ, ಮೊಬೈಲಿಗೆ ಬಂತಲ್ಲ, ಇನ್ನಾದರೂ ಒಗೀರಿ ಎಂದು. ಸರ್ವಥಾ ಬೇಡ. ನನ್ನ ಮಗಳ 2006ರ ನಾಮಕರಣದ ಚಿತ್ರಗಳಿರುವ ಸಿ.ಡಿ. ಈಗ ಯಾವ ಯಂತ್ರದಲ್ಲೂ ಓದಲು ಬರುವುದಿಲ್ಲ. 1974ರ ಪಟ್ಟಿಯನ್ನು ಓದಲು ಕಿಟಕಿಯ ಬೆಳಕು ಸಾಕು. ಎರಡೂ ಇರಲಿ, ಮೊಬೈಲಿನಲ್ಲೊಂದು, ಬೇರೊಂದು ಡಿಸ್ಕಿನಲ್ಲೊಂದು, ಪಟ್ಟಿ ಕಾಗದದ ಲಕೋಟೆಯಲ್ಲಿ ಒಣಗಿದ ಜಾಗದಲ್ಲಿ. ಇನ್ನು ಹಳೆಯ ಚಿತ್ರಕ್ಕೆ ಬಣ್ಣ ತುಂಬಿ, ಮುಖ ತಿದ್ದಿ ಕೊಡುವ ಹೊಸ ಆಪ್‌ಗಳು ಬಂದಿವೆಯಲ್ಲ, ಅವುಗಳ ಮೇಲೆ ನನಗೆ ನಂಬಿಕೆಯಿಲ್ಲ. ಒಂದಂತೂ ಅವ್ವನ ಮೂಗುಬಟ್ಟನ್ನು ಧೂಳೆಂದು ತಿಳಿದು ಅಳಿಸಿಹಾಕಿತು. ಇನ್ನೊಂದು ದೊಡ್ಡತ್ತಿಯ ಹಣೆಗೆ ಕೆಂಪು ಬೊಟ್ಟಿಟ್ಟಿತು. ಸಮಾಜ ಒರೆಸಿದ್ದನ್ನು ಯಂತ್ರ ಇಡುತ್ತದೆಯೆಂದು ಸಂತೋಷಪಡಬೇಕೋ ಏನೋ, ನಾನಂತೂ ಅದನ್ನು ತೆಗೆದುಹಾಕಿದೆ. ಅವಳು ಇದ್ದಂತೆಯೇ ಅವಳನ್ನು ನೋಡುವುದು ನನಗೆ ಬೇಕಿತ್ತು.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ (1934) ಒಂದು ಪ್ರತಿಯೂ ಉಳಿದಿಲ್ಲವೆಂದು ನಾವು ರಾಜ್ಯೋತ್ಸವದ ಭಾಷಣಗಳಲ್ಲಿ ಮರುಗುತ್ತೇವೆ. ಮರುಗಬೇಕಾದ್ದೇ. ಆದರೆ ಆ ಸಿನಿಮಾ ಕಳೆದುಹೋದ ರೀತಿಗೂ ನಮ್ಮ ಅಟ್ಟ ಖಾಲಿಯಾಗುವ ರೀತಿಗೂ ಏನು ವ್ಯತ್ಯಾಸ? ಕೆಲಸ ಮುಗಿಯಿತು, ಇನ್ನೇಕೆ ಎಂದವರೇ ಎರಡೂ ಕಡೆ. ಅತ್ತ ಷಿಕಾಗೋದಲ್ಲಿ ವಿವಿಯನ್ ಮಾಯರ್ ಎಂಬ ಹೆಣ್ಣುಮಗಳು ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವ ಆಯಾ ಆಗಿ ಜೀವನ ಕಳೆದಳು. ಬಿಡುವಾದಾಗ ಬೀದಿಯಲ್ಲಿ ಫೋಟೋ ತೆಗೆದಳು, ಒಂದು ಲಕ್ಷಕ್ಕೂ ಮಿಕ್ಕಿ ನೆಗೆಟಿವ್. ಎಷ್ಟೋ ಸುರುಳಿಗಳನ್ನು ತೊಳೆಸಲೂ ಇಲ್ಲ. ಬಾಡಿಗೆ ಕಟ್ಟಲಿಲ್ಲವೆಂದು ಅವಳ ಪೆಟ್ಟಿಗೆಗಳು 2007ರಲ್ಲಿ ಹರಾಜಾದವು. ಕೊಂಡವರು ಅವನ್ನು ಸ್ಕ್ಯಾನ್ ಮಾಡಿದ ಮೇಲೆ ಜಗತ್ತು ಅವಳನ್ನು ದೊಡ್ಡ ಛಾಯಾಗ್ರಾಹಕಿ ಎಂದು ಕೊಂಡಾಡಿತು. ಅಷ್ಟರಲ್ಲಿ ಅವಳು ಇರಲಿಲ್ಲ, 2009ರಲ್ಲೇ ತೀರಿಕೊಂಡಿದ್ದಳು. ನಮ್ಮ ಡಬ್ಬಿಗಳಲ್ಲಿ ಅಂಥ ಕಲೆ ಇರಲಿಕ್ಕಿಲ್ಲ. ಕೊಳ್ಳಲು ಹರಾಜಿಗೆ ಯಾರೂ ಬರುವುದಿಲ್ಲ, ಅದಕ್ಕೇ ನಾವೇ ಕೂರಬೇಕು.

ಹೆಂಗಸರೇ ಏಕೆ ಎಂದು ಕೆಲವರಿಗೆ ಮುನಿಸು. ಹೆಸರು ಗೊತ್ತಿರುವುದು ನಮಗೆ, ಅದಕ್ಕೆ. ಮುಂಡಿಗೆಗೆ ಒರಗಿ ನಿಂತ ಹುಡುಗಿ ಯಾರ ಮಗಳು, ಯಾವ ಊರಿಗೆ ಕೊಟ್ಟರು, ಮೊದಲ ಬಾಣಂತನದಲ್ಲಿ ಹೋದವಳೋ ಬದುಕಿದ್ದಾಳೋ, ಇದನ್ನು ಅಪ್ಪನಾಗಲಿ ಅಣ್ಣನಾಗಲಿ ಹೇಳಲಾರರು. ನಮ್ಮ ಮೌಶಿಗೆ ಈಗ 84. ಕಣ್ಣು ಮಸುಕು, ಆದರೆ ಟಿ.ವಿ.ಯ ದೊಡ್ಡ ತೆರೆಯ ಮೇಲೆ ಚಿತ್ರ ಹಾಕಿದರೆ ಸೀರೆಯ ದಡಿ ನೋಡಿ ಹೆಸರು ಹೇಳುತ್ತಾಳೆ. ಎರಡು ಮಧ್ಯಾಹ್ನದಲ್ಲಿ 94 ಹೆಸರು ಬರೆದುಕೊಂಡೆ. ಕಾಗದದ ಮೇಲೆಯೇ ಬರೆದೆ: ಲಕೋಟೆ 3, ಪಟ್ಟಿ 2, ಚಿತ್ರ 5, ಎಡದಿಂದ ಬಲಕ್ಕೆ. ಕೊಡದ ಹುಡುಗಿಯ ಹೆಸರು ಹೇಳಿ ಮೌಶಿ ಬಹಳ ಹೊತ್ತು ಸುಮ್ಮನಿದ್ದಳು, ನಾನು ಕೇಳಲಿಲ್ಲ.

ಸುದ್ದಿ ಅಣ್ಣನಿಗೆ ಮುಟ್ಟಿತು. ಕಳೆದ ತಿಂಗಳು ಫೋನ್ ಮಾಡಿ, "ಆ ಡಬ್ಬಿ ಮನೆತನದ್ದಲ್ಲವಾ, ಇಲ್ಲೇ ಇರ್ಲಿ, ಕಳಸು" ಅಂದ. ಚಿತ್ರಗಳನ್ನೆಲ್ಲ ಒಂದೂ ಬಿಡದೆ ಕಳಿಸಿದೆ, ಹೆಸರುಗಳ ಪಟ್ಟಿಯನ್ನೂ. ಡಬ್ಬಿ ಕಳಿಸಲಿಲ್ಲ. ಅವನು ಸಿಟ್ಟಾಗಿದ್ದಾನೆ, ಆಗಲಿ. ಪಡಸಾಲೆಯ ಮದುವೆಯ ಫೋಟೋ ಇಳಿಸಿ ಚೌಕದ್ದನ್ನು ಕಟ್ಟು ಹಾಕಿಸಬೇಕೆಂದು ಬರೆದಿದ್ದೆ. ಅದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಆದರೆ ಮೊನ್ನೆ ವೈನಿ ಒಬ್ಬರೇ ಬಸ್ಸು ಹಿಡಿದು ಬಂದರು. ಚಹಾ ಕುಡಿದು, ಅದೂ ಇದೂ ಮಾತಾಡಿ, ಕಡೆಗೆ ಚೀಲದ ತಳದಿಂದ ತಮ್ಮ ತವರಿನ ಲಕೋಟೆ ತೆಗೆದರು, ರಬ್ಬರ್ ಹರಿದು ಅಂಟಿದ್ದು. ಇಬ್ಬರೂ ಮೂಸಿ ನೋಡಿದೆವು. ಹುಳಿ ವಾಸನೆ ಇನ್ನೂ ಬಂದಿಲ್ಲ. ಮಂಗಳವಾರ ಕೂರೋಣ ಎಂದಿದ್ದೇವೆ.